ಲ್ಯಾಪ್‌ಟಾಪ್‌ನಲ್ಲಿ ವೈಫೈ ತೊಂದರೆ: ಮನೆಯಲ್ಲೇ ಸರಿಮಾಡಿಕೊಳ್ಳುವವರಿಗೆ ಪದೇ ಪದೇ ಕೇಳುವ ಪ್ರಶ್ನೆಗಳು

ವಿಂಡೋಸ್ 11 ಇರುವ ಲ್ಯಾಪ್‌ಟಾಪ್, ಗೋಡೆಗೆ ಬಂದ ಫೈಬರ್ ಕೇಬಲ್, ಹಾಲ್‌ನಲ್ಲಿ ಒಂದು ರೂಟರ್. ಈಗ ನಮ್ಮ ಹೆಚ್ಚಿನ ಮನೆಗಳಲ್ಲಿ ಇರುವುದು ಇಷ್ಟೇ. ಉತ್ತರಗಳನ್ನು ಇದೇ ಜೋಡಣೆ ಇಟ್ಟುಕೊಂಡು ಬರೆದಿದೆ. ಬೇರೆ ಲ್ಯಾಪ್‌ಟಾಪ್ ಇದ್ದರೆ ಮೆನುಗಳ ಹೆಸರು ಬದಲಾಗಬಹುದು, ಹುಡುಕುವ ದಾರಿ ಬದಲಾಗುವುದಿಲ್ಲ.

ನೆಟ್ ಬರುತ್ತಿಲ್ಲ. ಮೊದಲು ಎಲ್ಲಿ ಕೈ ಹಾಕಬೇಕು?

ಲ್ಯಾಪ್‌ಟಾಪ್ ಮುಟ್ಟಬೇಡಿ, ಫೋನ್ ತೆಗೆದುಕೊಳ್ಳಿ. ಮೊಬೈಲ್ ಡೇಟಾ ಆಫ್ ಮಾಡಿ, ಅದೇ ವೈಫೈಗೆ ಸೇರಿಸಿ, ಯಾವುದಾದರೂ ಹೊಸ ಪುಟ ತೆರೆಯಿರಿ. ಡೇಟಾ ಆಫ್ ಮಾಡುವುದನ್ನು ಮರೆಯಬೇಡಿ. ವೈಫೈನಲ್ಲಿ ನೆಟ್ ಇಲ್ಲದಿದ್ದರೆ ಫೋನ್ ಸದ್ದಿಲ್ಲದೆ ಡೇಟಾಗೆ ಹೋಗಿಬಿಡುತ್ತದೆ, ನೀವು ವೈಫೈ ಚೆನ್ನಾಗಿದೆ ಅಂದುಕೊಳ್ಳುತ್ತೀರಿ.

ಫೋನ್‌ನಲ್ಲೂ ಬರದಿದ್ದರೆ ತಪ್ಪು ಲ್ಯಾಪ್‌ಟಾಪ್‌ನದ್ದಲ್ಲ. ಫೋನ್‌ನಲ್ಲಿ ಬಂದು ಲ್ಯಾಪ್‌ಟಾಪ್‌ನಲ್ಲಿ ಬರದಿದ್ದರೆ ಕೇಬಲ್‌ನವರಿಗೆ ಫೋನ್ ಮಾಡಿ ಪ್ರಯೋಜನವಿಲ್ಲ. ವೈಫೈ ಅಂದರೆ ಲ್ಯಾಪ್‌ಟಾಪ್‌ನಿಂದ ರೂಟರ್‌ವರೆಗಿನ ದಾರಿ. ಇಂಟರ್ನೆಟ್ ಅಂದರೆ ರೂಟರ್‌ನಿಂದ ಆಚೆಗಿನದ್ದು. ಇವೆರಡರಲ್ಲಿ ಯಾವುದು ಕೆಟ್ಟಿದೆ ಎಂದು ತಿಳಿಯದೆ ಸೆಟ್ಟಿಂಗ್ ಬದಲಿಸುತ್ತಾ ಹೋದರೆ ಸರಿ ಇದ್ದದ್ದೂ ಕೆಡುತ್ತದೆ.

ವೈಫೈ ಪೂರ್ತಿ ಕಡ್ಡಿ ತೋರಿಸುತ್ತದೆ, ಆದರೆ ‘ನೋ ಇಂಟರ್ನೆಟ್’ ಅನ್ನುತ್ತದೆ. ಹೇಗೆ ಸಾಧ್ಯ?

ಆ ಕಡ್ಡಿಗಳು ರೂಟರ್‌ನ ಸಿಗ್ನಲ್ ಎಷ್ಟು ಜೋರಾಗಿದೆ ಎಂದು ಮಾತ್ರ ಹೇಳುತ್ತವೆ. ರೂಟರ್‌ಗೆ ಹೊರಗಿನಿಂದ ಏನೂ ಬರದಿದ್ದರೂ ಕಡ್ಡಿ ಪೂರ್ತಿ ಇರುತ್ತದೆ.

ಫೈಬರ್ ಕೇಬಲ್ ಬಂದು ಸೇರುವ ಪೆಟ್ಟಿಗೆಯ ದೀಪಗಳನ್ನು ನೋಡಿ. ಕೆಲವು ಮನೆಗಳಲ್ಲಿ ಅದೂ ರೂಟರ್ರೂ ಒಂದೇ. ‘ಪಾನ್’ (PON) ಎಂದು ಬರೆದಿರುವ ದೀಪ ಮಿಟುಕದೆ ಉರಿಯುತ್ತಿರಬೇಕು. ‘ಲಾಸ್’ (LOS) ಎಂಬಲ್ಲಿ ಕೆಂಪು ದೀಪ ಬಂದಿದ್ದರೆ ಫೈಬರ್‌ನಲ್ಲಿ ಬೆಳಕೇ ಬರುತ್ತಿಲ್ಲ ಎಂದರ್ಥ. ರಸ್ತೆ ಅಗೆದಾಗ ತುಂಡಾಗಿರಬಹುದು, ಕಂಬದ ಮೇಲೆ ಮರದ ಕೊಂಬೆ ಬಿದ್ದಿರಬಹುದು, ಮನೆಯೊಳಗೇ ಇಲಿ ಕಡಿದಿರಬಹುದು. ಸೋಫಾ ಸರಿಸುವಾಗ ಹಳದಿ ವೈರ್ ತೀರಾ ಬಗ್ಗಿದರೂ ಹೀಗಾಗುತ್ತದೆ. ಫೈಬರ್ ಮಡಚಿದರೆ ಒಳಗಿನ ಬೆಳಕು ಸೋರಿಹೋಗುತ್ತದೆ. ವೈರ್ ನೇರ ಮಾಡಿ ನೋಡಿ. ಕೆಂಪು ಹೋಗದಿದ್ದರೆ ದೂರು ಕೊಡಿ, ನಿಮ್ಮ ಕೈಯಲ್ಲಿ ಇನ್ನೇನೂ ಇಲ್ಲ. ಕಳಚಿದ ಫೈಬರ್ ತುದಿಯನ್ನು ಕಣ್ಣಿಗೆ ಹಿಡಿದು ಮಾತ್ರ ನೋಡಬೇಡಿ. ಅದರಲ್ಲಿ ಬರುವ ಲೇಸರ್ ಕಣ್ಣಿಗೆ ಕಾಣುವುದಿಲ್ಲ, ಆದರೆ ಕಣ್ಣಿಗೆ ಒಳ್ಳೆಯದಲ್ಲ.

ದೀಪಗಳೆಲ್ಲಾ ಸರಿ ಇದ್ದೂ ನೆಟ್ ಇಲ್ಲವೇ? ಪ್ಲ್ಯಾನ್ ಮುಗಿದಿದೆಯಾ ನೋಡಿ. ನಗಬೇಡಿ, ಎಷ್ಟೋ ಮನೆಗಳಲ್ಲಿ ಕೊನೆಗೆ ಸಿಗುವ ಉತ್ತರ ಇದೇ.

ರೂಟರ್ ಆಫ್ ಮಾಡಿ ಆನ್ ಮಾಡಿದರೆ ಸರಿಹೋಗುತ್ತದೆ ಅನ್ನುತ್ತಾರೆ. ನಿಜವಾ, ಸುಮ್ನೆ ಹೇಳುವುದಾ?

ನಿಜ. ರೂಟರ್ ಅಂದರೆ ಒಂದು ಪುಟ್ಟ ಕಂಪ್ಯೂಟರ್. ತಿಂಗಳುಗಟ್ಟಲೆ ಓಡಿದಾಗ ಅದರ ಮೆಮೊರಿ ತುಂಬಿ ತಡವರಿಸುವುದುಂಟು. ಮತ್ತೆ ಆನ್ ಆದಾಗ ಅದು ಕಂಪನಿಯ ಸರ್ವರ್‌ಗೆ ಹೊಸದಾಗಿ ಲಾಗಿನ್ ಆಗುತ್ತದೆ, ವೈಫೈ ಚಾನೆಲ್ ಹೊಸದಾಗಿ ಆರಿಸಿಕೊಳ್ಳುತ್ತದೆ. ಸ್ವಿಚ್ ಆಫ್ ಮಾಡಿ ಅರ್ಧ ನಿಮಿಷ ಬಿಡಿ. ಆನ್ ಮಾಡಿದ ಮೇಲೆ ದೀಪಗಳು ನೆಲೆಗೊಳ್ಳಲು ಎರಡು ಮೂರು ನಿಮಿಷ ಕಾಯಿರಿ. ಫೈಬರ್ ಪೆಟ್ಟಿಗೆ ಮತ್ತು ರೂಟರ್ ಬೇರೆ ಬೇರೆ ಇದ್ದರೆ ಮೊದಲು ಪೆಟ್ಟಿಗೆ ಆನ್ ಮಾಡಿ, ಆಮೇಲೆ ರೂಟರ್.

ಒಂದು ಎಚ್ಚರಿಕೆ. ರೂಟರ್ ಹಿಂದೆ ಪಿನ್ ಚುಚ್ಚಿ ಒತ್ತುವ ಸಣ್ಣ ರಂಧ್ರ ಇರುತ್ತದೆ, ಪಕ್ಕದಲ್ಲಿ ‘ರೀಸೆಟ್’ ಎಂದು ಬರೆದಿರುತ್ತದೆ. ಅದನ್ನು ಒತ್ತಬೇಡಿ. ಅದು ಆಫ್ ಮಾಡಿ ಆನ್ ಮಾಡುವ ಬಟನ್ ಅಲ್ಲ. ಒತ್ತಿ ಹಿಡಿದರೆ ಕಂಪನಿಯವರು ಹಾಕಿಕೊಟ್ಟ ಯೂಸರ್ ಹೆಸರು, ಪಾಸ್‌ವರ್ಡ್ ಎಲ್ಲಾ ಅಳಿಸಿಹೋಗುತ್ತದೆ. ಆಮೇಲೆ ಅವರ ಹುಡುಗ ಬಂದು ಮತ್ತೆ ತುಂಬುವ ತನಕ ಮನೆಯಲ್ಲಿ ಯಾರಿಗೂ ನೆಟ್ ಇಲ್ಲ. ಶನಿವಾರ ಸಂಜೆ ಒತ್ತಿದರೆ ಸೋಮವಾರದವರೆಗೂ ಕಾಯಬೇಕಾಗಬಹುದು.

ಲ್ಯಾಪ್‌ಟಾಪನ್ನೂ ಶಟ್‌ಡೌನ್ ಮಾಡಿ ಆನ್ ಮಾಡಿದೆ. ಹಾಗೇ ಇದೆಯಲ್ಲ?

ಶಟ್‌ಡೌನ್ ಬೇರೆ, ರೀಸ್ಟಾರ್ಟ್ ಬೇರೆ. ವಿಂಡೋಸ್‌ನಲ್ಲಿ ‘ಫಾಸ್ಟ್ ಸ್ಟಾರ್ಟಪ್’ ಎಂಬ ಸೌಲಭ್ಯವಿದೆ. ಅದು ಆನ್ ಇದ್ದರೆ ಶಟ್‌ಡೌನ್ ಮಾಡಿದಾಗ ವಿಂಡೋಸ್‌ನ ಒಳಭಾಗ ಮತ್ತು ಡ್ರೈವರ್‌ಗಳ (ವೈಫೈ ಕಾರ್ಡ್‌ನಂಥ ಭಾಗಗಳನ್ನು ಓಡಿಸುವ ತಂತ್ರಾಂಶಗಳ) ಸ್ಥಿತಿ ಹಾಗೇ ಡಿಸ್ಕ್‌ಗೆ ಉಳಿಯುತ್ತದೆ. ಮುಂದಿನ ಸಲ ಅಲ್ಲಿಂದಲೇ ಎದ್ದೇಳುತ್ತದೆ. ಹಾಗಾಗಿ ವೈಫೈ ಡ್ರೈವರ್ ಸಿಕ್ಕಿಹಾಕಿಕೊಂಡಿದ್ದರೆ ಶಟ್‌ಡೌನ್ ಅದನ್ನು ಬಿಡಿಸುವುದಿಲ್ಲ. ಪವರ್ ಮೆನುವಿನಲ್ಲಿ ರೀಸ್ಟಾರ್ಟ್ ಆರಿಸಿ. ಆಗ ಎಲ್ಲವೂ ಮೊದಲಿನಿಂದ ಶುರುವಾಗುತ್ತದೆ.

ವೈಫೈ ಗುರುತೇ ಮಾಯವಾಗಿದೆ. ಆನ್ ಮಾಡೋಣವೆಂದರೆ ಬಟನ್ನೇ ಇಲ್ಲ.

ಮೊದಲು ಏರೋಪ್ಲೇನ್ ಮೋಡ್ ನೋಡಿ. ಕೀಬೋರ್ಡ್‌ನ ಮೇಲಿನ ಸಾಲಿನಲ್ಲಿ ವಿಮಾನದ ಚಿತ್ರ ಇರುವ ಕೀ ಇರುತ್ತದೆ, ಒರೆಸುವಾಗ ಕೈ ತಗುಲಿ ಒತ್ತಿಹೋಗುತ್ತದೆ. ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಪಕ್ಕದಲ್ಲೇ ಒಂದು ಪುಟ್ಟ ಸ್ವಿಚ್ ಇರುತ್ತಿತ್ತು, ಅದನ್ನೂ ನೋಡಿ.

ಅಲ್ಲಿ ಸರಿ ಇದ್ದರೆ ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿವೈಸ್ ಮ್ಯಾನೇಜರ್ ತೆರೆಯಿರಿ. ‘ನೆಟ್‌ವರ್ಕ್ ಅಡಾಪ್ಟರ್ಸ್’ ಕೆಳಗೆ ವೈಫೈ ಅಥವಾ ವೈರ್‌ಲೆಸ್ ಎಂಬ ಹೆಸರಿನ ಸಾಲು ಇರಬೇಕು. ಮುಂದಿರುವುದು ಮೂರು ಸಾಧ್ಯತೆ. ಸಾಲಿನ ಮೇಲೆ ಕೆಳಮುಖ ಬಾಣದ ಗುರುತಿದ್ದರೆ ಯಾರೋ ಅದನ್ನು ನಿಲ್ಲಿಸಿದ್ದಾರೆ, ರೈಟ್ ಕ್ಲಿಕ್ ಮಾಡಿ ‘ಎನೇಬಲ್’ ಕೊಡಿ. ಹಳದಿ ಎಚ್ಚರಿಕೆ ಗುರುತಿದ್ದರೆ ಡ್ರೈವರ್ ಕೆಟ್ಟಿದೆ. ‘ಅನ್‌ಇನ್‌ಸ್ಟಾಲ್ ಡಿವೈಸ್’ ಕೊಟ್ಟು ರೀಸ್ಟಾರ್ಟ್ ಮಾಡಿ, ಸಾಮಾನ್ಯವಾಗಿ ವಿಂಡೋಸ್ ತಾನೇ ಮತ್ತೆ ಹಾಕಿಕೊಳ್ಳುತ್ತದೆ. ಡ್ರೈವರನ್ನೂ ಅಳಿಸಲಾ ಎಂದು ಕೇಳುವ ಚೌಕಕ್ಕೆ ಟಿಕ್ ಹಾಕಬೇಡಿ. ಇನ್ನು ಸಾಲೇ ಇಲ್ಲದಿದ್ದರೆ ಲ್ಯಾಪ್‌ಟಾಪ್‌ಗೆ ತನ್ನೊಳಗಿನ ವೈಫೈ ಕಾರ್ಡ್ ಕಾಣುತ್ತಲೇ ಇಲ್ಲ. ಚಾರ್ಜರ್ ತೆಗೆದು, ಆಫ್ ಮಾಡಿ, ಪವರ್ ಬಟನ್ನನ್ನು ಅರ್ಧ ನಿಮಿಷ ಒತ್ತಿ ಹಿಡಿದು ಮತ್ತೆ ಆನ್ ಮಾಡಿ. ಒಳಗೆ ಉಳಿದ ಕರೆಂಟ್ ಖಾಲಿಯಾದ ಮೇಲೆ ಕಾರ್ಡ್ ಎದ್ದು ಬರುವುದುಂಟು. ಆಗಲೂ ಬರದಿದ್ದರೆ ಕಾರ್ಡ್ ಸಡಿಲವಾಗಿದೆ ಅಥವಾ ಸತ್ತಿದೆ.

ಹೊಸ ಡ್ರೈವರ್ ಇಳಿಸಿಕೊಳ್ಳಲು ನೆಟ್ ಬೇಕು. ನೆಟ್ಟೇ ಇಲ್ಲವಲ್ಲ?

ಫೋನನ್ನು ಚಾರ್ಜಿಂಗ್ ಕೇಬಲ್‌ನಿಂದ ಲ್ಯಾಪ್‌ಟಾಪ್‌ಗೆ ಚುಚ್ಚಿ. ಆಂಡ್ರಾಯ್ಡ್ ಫೋನ್‌ನ ಹಾಟ್‌ಸ್ಪಾಟ್ ಸೆಟ್ಟಿಂಗ್‌ನಲ್ಲಿ ‘ಯುಎಸ್‌ಬಿ ಟೆದರಿಂಗ್’ ಆನ್ ಮಾಡಿ. ಲ್ಯಾಪ್‌ಟಾಪ್‌ನ ವೈಫೈ ಕಾರ್ಡ್ ಪೂರ್ತಿ ಸತ್ತಿದ್ದರೂ ಇದು ನಡೆಯುತ್ತದೆ. ಕೇಬಲ್ ಮಾತ್ರ ಡೇಟಾ ಸಾಗಿಸುವಂಥದ್ದಾಗಿರಬೇಕು, ಬರೀ ಚಾರ್ಜ್ ಮಾಡುವ ಅಗ್ಗದ ಕೇಬಲ್‌ಗಳಲ್ಲಿ ಆಗುವುದಿಲ್ಲ. ಡ್ರೈವರನ್ನು ಲ್ಯಾಪ್‌ಟಾಪ್ ಕಂಪನಿಯ ಸೈಟಿನಿಂದಲೇ, ನಿಮ್ಮ ಮಾಡೆಲ್ ಹೆಸರು ಕೊಟ್ಟು ಇಳಿಸಿ. ‘ಎಲ್ಲಾ ಡ್ರೈವರ್ ಒಂದೇ ಕ್ಲಿಕ್‌ನಲ್ಲಿ’ ಅನ್ನುವ ಆ್ಯಪ್‌ಗಳ ಸಹವಾಸ ಬೇಡ.

ನಿನ್ನೆಯವರೆಗೆ ಚೆನ್ನಾಗಿದ್ದು ವಿಂಡೋಸ್ ಅಪ್‌ಡೇಟ್ ಆದ ಮೇಲೆ ಕೆಟ್ಟಿದ್ದರೆ ಹೊಸದರ ಬದಲು ಹಳೆಯದೇ ಬೇಕು. ಡಿವೈಸ್ ಮ್ಯಾನೇಜರ್‌ನಲ್ಲಿ ಆ ಸಾಲಿನ ಪ್ರಾಪರ್ಟೀಸ್‌ಗೆ ಹೋಗಿ, ಡ್ರೈವರ್ ಟ್ಯಾಬ್‌ನಲ್ಲಿ ‘ರೋಲ್ ಬ್ಯಾಕ್ ಡ್ರೈವರ್’ ಒತ್ತಿ.

ಪಾಸ್‌ವರ್ಡ್ ಸರಿಯಾಗೇ ಹಾಕುತ್ತಿದ್ದೇನೆ. ಆದರೂ ಸೇರಿಸಿಕೊಳ್ಳುತ್ತಿಲ್ಲ.

ಯಾರಾದರೂ ರೂಟರ್‌ನ ಪಾಸ್‌ವರ್ಡ್ ಬದಲಿಸಿದ್ದರೆ ಲ್ಯಾಪ್‌ಟಾಪ್ ಹಳೆಯದನ್ನೇ ಹಿಡಿದು ಕೂತಿರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ಅಂಡ್ ಇಂಟರ್ನೆಟ್, ವೈಫೈ, ‘ಮ್ಯಾನೇಜ್ ನೋನ್ ನೆಟ್‌ವರ್ಕ್ಸ್’ ಎಂಬಲ್ಲಿಗೆ ಹೋಗಿ ನಿಮ್ಮ ಮನೆಯ ಹೆಸರಿನ ಎದುರು ‘ಫರ್ಗೆಟ್’ ಕೊಡಿ. ಹೊಸದಾಗಿ ಸೇರಿಸಿ. ಟೈಪ್ ಮಾಡುವಾಗ ಪಕ್ಕದ ಕಣ್ಣಿನ ಗುರುತು ಒತ್ತಿದರೆ ಅಕ್ಷರ ಕಾಣುತ್ತದೆ. ಕನ್ನಡ ಕೀಬೋರ್ಡ್ ಆನ್ ಇದ್ದು ಪಾಸ್‌ವರ್ಡ್ ತಪ್ಪಾಗುವುದೂ ಉಂಟು.

ಹೊಸ ರೂಟರ್ ಬಂದ ದಿನದಿಂದ ಹಳೆಯ ಲ್ಯಾಪ್‌ಟಾಪ್ ಮಾತ್ರ ಸೇರುತ್ತಿಲ್ಲವಾದರೆ ಕಾರಣ ಬೇರೆ. ವೈಫೈಗೆ ಬೀಗ ಹಾಕುವ ಡಬ್ಲ್ಯುಪಿಎ 3 ಎಂಬ ಪದ್ಧತಿ 2018ರಲ್ಲಿ ಬಂತು. ಅದಕ್ಕಿಂತ ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಹಲವಕ್ಕೆ ಅದು ಅರ್ಥವಾಗುವುದಿಲ್ಲ. ರೂಟರ್ ಹಿಂದಿನ ಚೀಟಿಯಲ್ಲಿರುವ ವಿಳಾಸವನ್ನು ಬ್ರೌಸರ್‌ನಲ್ಲಿ ಹಾಕಿ ಲಾಗಿನ್ ಆಗಿ, ಸೆಕ್ಯುರಿಟಿ ಸೆಟ್ಟಿಂಗ್‌ನಲ್ಲಿ ಡಬ್ಲ್ಯುಪಿಎ 2 ಮತ್ತು 3 ಎರಡೂ ಸೇರಿರುವ ಆಯ್ಕೆ ಇಡಿ. ಪಾಸ್‌ವರ್ಡೇ ತೆಗೆದು ಓಪನ್ ಇಡುವುದು ಖಂಡಿತ ಬೇಡ.

ರೂಟರ್ ಪಕ್ಕ ಕೂತರೆ ಚೆನ್ನಾಗಿದೆ. ರೂಮಿಗೆ ಹೋದರೆ ಏನೂ ಬರುವುದಿಲ್ಲ.

ಇದು ನಮ್ಮ ಮನೆಗಳ ದೊಡ್ಡ ತೊಂದರೆ. ರೂಟರ್ ಡಬ್ಬದ ಮೇಲೆ ಬರೆದಿರುವ ದೂರವೆಲ್ಲಾ ಅಡ್ಡ ಏನೂ ಇಲ್ಲದ ಜಾಗದ ಲೆಕ್ಕ. ನಮ್ಮಲ್ಲಿ ಇಟ್ಟಿಗೆ ಗೋಡೆ, ಮೇಲೆ ಕಬ್ಬಿಣದ ಸರಳು ತುಂಬಿದ ಆರ್‌ಸಿಸಿ ಮೋಲ್ಡ್. ಕರಾವಳಿಯ ಹಳೆಯ ಮನೆಗಳಲ್ಲಿ ದಪ್ಪನೆಯ ಕೆಂಪು ಕಲ್ಲಿನ ಗೋಡೆ. ಪ್ರತಿ ಗೋಡೆಯೂ ಸಿಗ್ನಲ್‌ನ ಒಂದಷ್ಟು ಪಾಲು ನುಂಗುತ್ತದೆ. ಲೋಹ ನುಂಗುವುದೂ ಇಲ್ಲ, ವಾಪಸ್ ಎಸೆಯುತ್ತದೆ. ಕಬ್ಬಿಣದ ಬೀರು, ಫ್ರಿಜ್, ದೊಡ್ಡ ಕನ್ನಡಿಯ ಹಿಂದಿನ ಲೇಪ, ಎಲ್ಲವೂ ಹಾಗೇ. ನೀರು ಇನ್ನೊಂದು ಶತ್ರು. ಮೀನಿನ ತೊಟ್ಟಿಯ ಹಿಂದೆ ರೂಟರ್ ಇಟ್ಟರೆ ಆ ದಿಕ್ಕಿಗೆ ಸಿಗ್ನಲ್ ಕಷ್ಟ.

ಹೆಚ್ಚಿನ ಮನೆಗಳಲ್ಲಿ ರೂಟರ್ ಎಲ್ಲಿರುತ್ತದೆ ಹೇಳಿ? ಫೈಬರ್ ಹಾಕಲು ಬಂದ ಹುಡುಗನಿಗೆ ವೈರ್ ಕಡಿಮೆ ಸಾಕಾಗುವ ಕಡೆ. ಅಂದರೆ ಮುಂಬಾಗಿಲ ಮೂಲೆಯಲ್ಲಿ, ಟಿವಿ ಹಿಂದೆ, ನೆಲದ ಹತ್ತಿರ. ಅಲ್ಲಿಂದ ಅರ್ಧ ಸಿಗ್ನಲ್ ರಸ್ತೆಗೆ ಹೋಗುತ್ತದೆ. ಮನೆಯ ನಡುವಿಗೆ, ತಲೆಯ ಎತ್ತರಕ್ಕೆ, ತೆರೆದ ಜಾಗಕ್ಕೆ ತನ್ನಿ. ಚೆಂದ ಕಾಣಲ್ಲ ಎಂದು ಶೋಕೇಸ್ ಒಳಗೆ ಮುಚ್ಚಿಡಬೇಡಿ. ಫೈಬರ್ ಪೆಟ್ಟಿಗೆಯನ್ನೇ ಸರಿಸಲು ಆಗದಿದ್ದರೆ ಅಲ್ಲಿಂದ ಒಂದು ಲ್ಯಾನ್ ಕೇಬಲ್ ಎಳೆದು ನಡುಮನೆಯಲ್ಲಿ ಇನ್ನೊಂದು ರೂಟರ್ ಇಡಬಹುದು. ಆಂಟೆನಾಗಳಿದ್ದರೆ ನೆಟ್ಟಗೆ ನಿಲ್ಲಿಸಿ. ಸಿಗ್ನಲ್ ಅವುಗಳ ತುದಿಯಿಂದಲ್ಲ, ಪಕ್ಕದಿಂದ ಹರಡುತ್ತದೆ.

ಇನ್ನೊಂದು ಸುಲಭ ಪ್ರಯೋಗ ಇದೆ. ವೈಫೈ ಬಳಸುವ 2.4 ಗಿಗಾಹರ್ಟ್ಜ್ ರೇಡಿಯೋ ಅಲೆಯ ಉದ್ದ ಸುಮಾರು 12 ಸೆಂಟಿಮೀಟರ್. ಗೋಡೆಗಳಿಗೆ ಬಡಿದು ವಾಪಸ್ ಬಂದ ಅಲೆಗಳು ಕೆಲವು ಜಾಗಗಳಲ್ಲಿ ಒಂದನ್ನೊಂದು ಅಳಿಸಿಹಾಕುತ್ತವೆ. ಹಾಗಾಗಿ ಲ್ಯಾಪ್‌ಟಾಪನ್ನು ಒಂದು ಗೇಣು ಸರಿಸಿದರೂ ಕೆಲವೊಮ್ಮೆ ವ್ಯತ್ಯಾಸ ಕಾಣುತ್ತದೆ.

ಒಂದೇ ರೂಟರ್‌ನಿಂದ ಎರಡು ಹೆಸರು ಬರುತ್ತವೆ, ಒಂದರ ಕೊನೆಯಲ್ಲಿ 5ಜಿ ಎಂದಿದೆ. ಯಾವುದಕ್ಕೆ ಸೇರಲಿ?

ಇದಕ್ಕೂ ಮೊಬೈಲ್‌ನ 5ಜಿಗೂ ಸಂಬಂಧವಿಲ್ಲ. 5 ಗಿಗಾಹರ್ಟ್ಜ್ ಎಂದಷ್ಟೇ. 2.4 ಗೋಡೆ ದಾಟಿ ದೂರ ಹೋಗುತ್ತದೆ, ವೇಗ ಕಡಿಮೆ, ಗಲಾಟೆ ಜಾಸ್ತಿ. 5ರಲ್ಲಿ ವೇಗ ಚೆನ್ನಾಗಿದೆ, ಎರಡು ಗೋಡೆ ದಾಟುವುದರೊಳಗೆ ಸುಸ್ತಾಗುತ್ತದೆ. ರೂಟರ್ ಇರುವ ರೂಮು ಅಥವಾ ಅದರ ಪಕ್ಕದ ರೂಮಾದರೆ 5, ಅದಕ್ಕಿಂತ ದೂರವಾದರೆ 2.4.

ಗಲಾಟೆ ಅಂದೆ ಅಲ್ವಾ, ಅದು ಅಪಾರ್ಟ್‌ಮೆಂಟ್‌ನಲ್ಲಿರುವವರಿಗೆ ಚೆನ್ನಾಗಿ ಗೊತ್ತು. 2.4ರಲ್ಲಿ ನಮ್ಮ ದೇಶದಲ್ಲಿ 13 ಚಾನೆಲ್‌ಗಳಿವೆ, ಆದರೆ ಅವು ಒಂದರ ಮೇಲೊಂದು ಹೊದ್ದುಕೊಂಡಿವೆ. ಒಂದಕ್ಕೊಂದು ತಾಗದೆ ನಿಲ್ಲುವವು 1, 6, 11 ಮೂರೇ. ಅಕ್ಕಪಕ್ಕದ ಇಪ್ಪತ್ತು ಮನೆಗಳೂ ಆ ಮೂರರಲ್ಲೇ ಮಾತಾಡಬೇಕು. ಫೋನ್‌ನಲ್ಲಿ ಯಾವುದಾದರೂ ವೈಫೈ ಅನಲೈಸರ್ ಆ್ಯಪ್ ಹಾಕಿ ಮೂರರಲ್ಲಿ ಯಾವುದು ಖಾಲಿ ಇದೆ ನೋಡಿ, ರೂಟರ್‌ನಲ್ಲಿ ಅದನ್ನೇ ಇಡಿ. ಜಾಣತನ ಮಾಡಿ 3 ಅಥವಾ 8 ಇಟ್ಟರೆ ಎರಡೂ ಕಡೆಯವರ ಸದ್ದು ನಿಮಗೇ ಕೇಳುತ್ತದೆ.

ಫೋನ್‌ಗೆ 5 ಗಿಗಾಹರ್ಟ್ಜ್ ಹೆಸರು ಕಾಣುತ್ತದೆ, ಲ್ಯಾಪ್‌ಟಾಪ್‌ಗೆ ಕಾಣುವುದಿಲ್ಲ. ಯಾಕೆ?

ಹಳೆಯ ಮತ್ತು ಅಗ್ಗದ ಲ್ಯಾಪ್‌ಟಾಪ್‌ಗಳ ಕಾರ್ಡ್‌ಗಳಲ್ಲಿ ಹಲವಕ್ಕೆ 2.4 ಮಾತ್ರ ಬರುತ್ತದೆ. ಯುಎಸ್‌ಬಿಗೆ ಚುಚ್ಚುವ, 2.4 ಮತ್ತು 5 ಎರಡೂ ಬರುವ ವೈಫೈ ಡಾಂಗಲ್ ಹಾಕಿದರೆ ಕೆಲಸ ಮುಗಿಯಿತು.

ಚೆನ್ನಾಗಿ ಬರುತ್ತಿರುತ್ತದೆ, ಇದ್ದಕ್ಕಿದ್ದಂತೆ ಕಟ್ ಆಗುತ್ತದೆ. ಮೀಟಿಂಗ್ ನಡುವೆಯೇ!

ಯಾವಾಗ ಕಟ್ ಆಗುತ್ತದೆ ಎಂದು ಗಮನಿಸಿ. ಉತ್ತರ ಅಲ್ಲೇ ಇರುತ್ತದೆ.

ಅಡುಗೆಮನೆಯಲ್ಲಿ ಮೈಕ್ರೋವೇವ್ ಓಡುವಾಗ ಹೋಗುತ್ತದೆಯಾ? ಅದು ಕೆಲಸ ಮಾಡುವುದೂ ಸುಮಾರು 2.45 ಗಿಗಾಹರ್ಟ್ಜ್‌ನಲ್ಲೇ. 5ಕ್ಕೆ ಬದಲಿಸಿ. ಬ್ಲೂಟೂತ್ ಹೆಡ್‌ಫೋನ್ ಹಾಕಿಕೊಂಡಾಗ ತಡವರಿಸಿದರೂ ಇದೇ ಮದ್ದು, ಬ್ಲೂಟೂತ್ ಕೂಡ 2.4ರದ್ದೇ. ಹೊರಗಿನ ಹಾರ್ಡ್‌ಡಿಸ್ಕ್ ಚುಚ್ಚಿದಾಗ ವೈಫೈ ಕುಂಟುತ್ತದೆಯಾ? ಯುಎಸ್‌ಬಿ 3 ಸಾಧನಗಳು ಓಡುವಾಗ 2.4ರ ಸುತ್ತ ರೇಡಿಯೋ ಗದ್ದಲ ಎಬ್ಬಿಸುತ್ತವೆ. ಡಿಸ್ಕನ್ನು ಲ್ಯಾಪ್‌ಟಾಪ್‌ನಿಂದ ಸ್ವಲ್ಪ ದೂರ ಇಡಿ.

ಲ್ಯಾಪ್‌ಟಾಪ್ ಸ್ವಲ್ಪ ಹೊತ್ತು ಸುಮ್ಮನಿದ್ದು ಎದ್ದಾಗ ವೈಫೈ ಇರುವುದಿಲ್ಲವಾದರೆ ಬ್ಯಾಟರಿ ಉಳಿಸಲು ವಿಂಡೋಸ್ ಕಾರ್ಡನ್ನು ಮಲಗಿಸುತ್ತಿದೆ. ಡಿವೈಸ್ ಮ್ಯಾನೇಜರ್‌ನಲ್ಲಿ ಅಡಾಪ್ಟರ್‌ನ ಪ್ರಾಪರ್ಟೀಸ್‌ಗೆ ಹೋಗಿ, ‘ಪವರ್ ಮ್ಯಾನೇಜ್‌ಮೆಂಟ್’ ಟ್ಯಾಬ್‌ನಲ್ಲಿ ಕರೆಂಟ್ ಉಳಿಸಲು ಇದನ್ನು ಆಫ್ ಮಾಡಬಹುದು ಎಂಬ ಸಾಲಿನ ಟಿಕ್ ತೆಗೆಯಿರಿ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಕೆಲವಕ್ಕೆ ಈ ಟ್ಯಾಬ್ ಇರುವುದೇ ಇಲ್ಲ. ಗಾಬರಿ ಬೇಡ, ಅಂಥವಕ್ಕೆ ಹೊಸ ಡ್ರೈವರ್ ಹಾಕಿ ನೋಡಿ.

5 ಗಿಗಾಹರ್ಟ್ಜ್ ಹೆಸರು ಒಂದು ನಿಮಿಷ ಮಾಯವಾಗಿ ಮತ್ತೆ ಬಂದರೆ ಕಾರಣ ರೇಡಾರ್ ಇರಬಹುದು. 52ರಿಂದ 144ರವರೆಗಿನ ಚಾನೆಲ್‌ಗಳನ್ನು ಹವಾಮಾನದಂಥ ರೇಡಾರ್‌ಗಳೂ ಬಳಸುತ್ತವೆ. ರೇಡಾರ್ ಸದ್ದು ಕೇಳಿದರೆ ರೂಟರ್ ತಕ್ಷಣ ಆ ಚಾನೆಲ್ ಬಿಡಬೇಕು. ಅಂಥದ್ದೇ ಇನ್ನೊಂದು ಚಾನೆಲ್‌ಗೆ ಹೋಗುವ ಮುಂಚೆ 60 ಸೆಕೆಂಡ್ ಸುಮ್ಮನಿದ್ದು ಕೇಳಿಸಿಕೊಳ್ಳಬೇಕು. ನಿಯಮ ಹಾಗಿದೆ. ರೂಟರ್‌ನಲ್ಲಿ 36ರಿಂದ 48ರೊಳಗಿನ ಚಾನೆಲ್ ಇಟ್ಟರೆ ಈ ಕಾಟ ತಪ್ಪುತ್ತದೆ.

ಕಟ್ ಆಗುವುದು ವೈಫೈನದ್ದಾ, ಕಂಪನಿಯ ಲೈನ್‌ನದ್ದಾ ಎಂದು ಖಚಿತ ಮಾಡಿಕೊಳ್ಳುವುದು ಹೇಗೆ?

ಪಿಂಗ್ ಮಾಡಿ. ಅಂದರೆ ಒಂದು ವಿಳಾಸಕ್ಕೆ ಪುಟ್ಟ ಸಂದೇಶ ಕಳಿಸಿ ಉತ್ತರ ಬರುತ್ತದಾ ನೋಡುವುದು. ಕಮಾಂಡ್ ಪ್ರಾಂಪ್ಟ್ ತೆರೆದು ಇಂಗ್ಲಿಷ್‌ನಲ್ಲಿ ಪಿಂಗ್ ಎಂದು ಬರೆದು, ಒಂದು ಸ್ಪೇಸ್ ಬಿಟ್ಟು ರೂಟರ್‌ನ ವಿಳಾಸ ಕೊಡಿ. ಅದು ಹೆಚ್ಚಾಗಿ 192.168.1.1 ಅಥವಾ 192.168.0.1, ರೂಟರ್ ಹಿಂದಿನ ಚೀಟಿಯಲ್ಲಿ ಇರುತ್ತದೆ. ಇನ್ನೊಂದು ಕಿಟಕಿಯಲ್ಲಿ ಇದೇ ರೀತಿ ಹೊರಗಿನ, ಗೂಗಲ್‌ನ ವಿಳಾಸವಾದ 8.8.8.8ಗೆ ಪಿಂಗ್ ಮಾಡಿ. ಎರಡರ ಕೊನೆಗೂ ಸ್ಪೇಸ್, ಹೈಫನ್, ಟಿ ಅಕ್ಷರ ಸೇರಿಸಿದರೆ ನೀವು ನಿಲ್ಲಿಸುವವರೆಗೆ ಓಡುತ್ತಿರುತ್ತವೆ.

ಕಟ್ ಆದಾಗ ನೋಡಿ. ರೂಟರ್‌ನಿಂದಲೇ ಉತ್ತರ ನಿಂತರೆ ತೊಂದರೆ ಮನೆಯೊಳಗೆ. ರೂಟರ್ ಉತ್ತರ ಕೊಡುತ್ತಿದ್ದು 8.8.8.8 ಮಾತ್ರ ನಿಂತರೆ ಲೈನ್ ತೊಂದರೆ. ಪರದೆಯ ಫೋಟೋ ತೆಗೆದಿಟ್ಟುಕೊಳ್ಳಿ. ಕಸ್ಟಮರ್ ಕೇರ್‌ನವರು ‘ನಿಮ್ಮ ಲ್ಯಾಪ್‌ಟಾಪ್ ಚೆಕ್ ಮಾಡಿಸಿ ಸರ್’ ಅಂದಾಗ ತೋರಿಸಲು ಬೇಕಾಗುತ್ತದೆ.

ಐಪಿ ಅಡ್ರೆಸ್ 169.254 ಎಂದು ಶುರುವಾಗುತ್ತಿದೆ. ಇದೇನು?

ಐಪಿ ಅಡ್ರೆಸ್ ಅಂದರೆ ನೆಟ್‌ವರ್ಕ್‌ನಲ್ಲಿ ಲ್ಯಾಪ್‌ಟಾಪ್‌ಗಿರುವ ವಿಳಾಸ. ರೂಟರ್ ಅದನ್ನು ಕೊಡಲಿಲ್ಲ, ಲ್ಯಾಪ್‌ಟಾಪ್ ತಾನೇ ಒಂದನ್ನು ಇಟ್ಟುಕೊಂಡಿದೆ. ವೈಫೈ ಆಫ್ ಮಾಡಿ ಆನ್ ಮಾಡಿ, ಆಗದಿದ್ದರೆ ರೂಟರ್ ರೀಸ್ಟಾರ್ಟ್ ಮಾಡಿ.

ಕೆಲವು ಸೈಟ್ ತೆರೆಯುತ್ತವೆ, ಕೆಲವು ಇಲ್ಲ. ವಾಟ್ಸಾಪ್ ಬರುತ್ತದೆ, ಬ್ಯಾಂಕ್ ಪುಟ ಬರುವುದಿಲ್ಲ.

ಮೊದಲು ಲ್ಯಾಪ್‌ಟಾಪ್‌ನ ದಿನಾಂಕ, ಸಮಯ ನೋಡಿ. ಅದು ತಪ್ಪಾಗಿದ್ದರೆ ಸೈಟ್‌ಗಳ ಸರ್ಟಿಫಿಕೇಟ್ ಅವಧಿ ಮೀರಿದಂತೆ ಕಾಣುತ್ತದೆ, ಬ್ರೌಸರ್ ತೆರೆಯಲು ಒಪ್ಪುವುದಿಲ್ಲ. ಆಫ್ ಮಾಡಿದಾಗಲೆಲ್ಲಾ ದಿನಾಂಕ ಹಿಂದಕ್ಕೆ ಹೋದರೆ ಒಳಗಿನ ಪುಟ್ಟ ನಾಣ್ಯದಂಥ ಬ್ಯಾಟರಿ ಮುಗಿದಿರುತ್ತದೆ. ಆಮೇಲೆ ಆಫೀಸಿನ ನೆಟ್‌ವರ್ಕ್‌ಗೆ ಸೇರಿಸುವ ವಿಪಿಎನ್ ಆನ್ ಇದೆಯಾ ನೋಡಿ, ಆಫ್ ಮಾಡಿ ಪ್ರಯತ್ನಿಸಿ.

ಅದೂ ಅಲ್ಲದಿದ್ದರೆ ಡಿಎನ್‌ಎಸ್. ಸೈಟಿನ ಹೆಸರನ್ನು ಅಂಕಿಯ ವಿಳಾಸಕ್ಕೆ ಬದಲಿಸಿಕೊಡುವ ವ್ಯವಸ್ಥೆ ಅದು. ವೈಫೈ ಪ್ರಾಪರ್ಟೀಸ್‌ನ ಡಿಎನ್‌ಎಸ್ ಸಾಲಿನಲ್ಲಿ ‘ಎಡಿಟ್’ ಒತ್ತಿ, ಮ್ಯಾನುಯಲ್ ಆರಿಸಿ 1.1.1.1 ಅಥವಾ 8.8.8.8 ಹಾಕಿ. ಮೊದಲನೆಯದು ಕ್ಲೌಡ್‌ಫ್ಲೇರ್‌ನದ್ದು, ಎರಡನೆಯದು ಗೂಗಲ್‌ನದ್ದು. ಎರಡೂ ಉಚಿತ.

100 ಎಂಬಿಪಿಎಸ್ ಪ್ಲ್ಯಾನ್ ಹಾಕಿಸಿದ್ದೇನೆ. ಡೌನ್‌ಲೋಡ್ 12ಕ್ಕಿಂತ ಮೇಲೆ ಏರುವುದಿಲ್ಲ. ಮೋಸವಾ?

ಅಲ್ಲ. ಪ್ಲ್ಯಾನ್‌ನಲ್ಲಿರುವುದು ಬಿಟ್ ಲೆಕ್ಕ, ಡೌನ್‌ಲೋಡ್‌ನಲ್ಲಿ ಕಾಣುವುದು ಬೈಟ್ ಲೆಕ್ಕ. 8 ಬಿಟ್‌ಗೆ 1 ಬೈಟ್. ನೂರನ್ನು ಎಂಟರಿಂದ ಭಾಗಿಸಿದರೆ ಹನ್ನೆರಡೂವರೆ. ನಿಮಗೆ ಸಿಗಬೇಕಾದದ್ದು ಸಿಗುತ್ತಿದೆ.

ಸ್ಪೀಡ್ ಟೆಸ್ಟ್‌ನಲ್ಲೇ ಕಡಿಮೆ ಬಂದರೆ ಲ್ಯಾನ್ ಕೇಬಲ್ ಹಾಕಿ ಇನ್ನೊಮ್ಮೆ ಅಳೆಯಿರಿ. ಕೇಬಲ್‌ನಲ್ಲಿ ಪೂರ್ತಿ ಬಂದರೆ ತೊಂದರೆ ವೈಫೈನದ್ದು. 200ರ ಪ್ಲ್ಯಾನ್ ಇದ್ದೂ ಕೇಬಲ್‌ನಲ್ಲಿ ಸರಿಯಾಗಿ 94ರ ಹತ್ತಿರ ನಿಂತರೆ ರೂಟರ್‌ನ ಪೋರ್ಟ್ 100ರದ್ದು, ಅಥವಾ ಕೇಬಲ್‌ನೊಳಗಿನ ಎಂಟು ತಂತಿಗಳಲ್ಲಿ ಯಾವುದೋ ತುಂಡಾಗಿದೆ.

ಸಿಗ್ನಲನ್ನು ಮುಂದಕ್ಕೆ ದಾಟಿಸುವ ರಿಪೀಟರ್ ತರಲಾ?

ಮೊದಲು ರೂಟರ್ ಜಾಗ ಬದಲಿಸಿ, ದುಡ್ಡು ಖರ್ಚಿಲ್ಲ. ಅಗ್ಗದ ರಿಪೀಟರ್ ಒಂದೇ ರೇಡಿಯೋದಲ್ಲಿ ಕೇಳಿ ಅದರಲ್ಲೇ ಮತ್ತೆ ಹೇಳುತ್ತದೆ, ಹಾಗಾಗಿ ವೇಗ ಅರ್ಧಕ್ಕೆ ಇಳಿಯುತ್ತದೆ. ಇಟ್ಟರೂ ಸಿಗ್ನಲ್ ಸತ್ತಿರುವ ರೂಮಿನಲ್ಲಿ ಇಡಬೇಡಿ, ಸಿಗ್ನಲ್ ಇನ್ನೂ ಚೆನ್ನಾಗಿರುವ ನಡುದಾರಿಯಲ್ಲಿಡಿ. ಎರಡು ಅಂತಸ್ತಿನ ಮನೆಯಾದರೆ ನನ್ನ ಮಾತು ಇಷ್ಟೇ: ಮೇಲಕ್ಕೆ ಒಂದು ಲ್ಯಾನ್ ಕೇಬಲ್ ಎಳೆಸಿ ಅಲ್ಲೊಂದು ರೂಟರ್ ಇಡಿ. ಮನೆ ಕಟ್ಟಿಸುತ್ತಿದ್ದರಂತೂ ಎಲೆಕ್ಟ್ರಿಷಿಯನ್‌ಗೆ ಈಗಲೇ ಹೇಳಿ ಅದಕ್ಕೊಂದು ಪೈಪ್ ಬಿಡಿಸಿ.

ಕರೆಂಟ್ ಹೋದಾಗ ಲ್ಯಾಪ್‌ಟಾಪ್ ಓಡುತ್ತದೆ, ನೆಟ್ ಹೋಗುತ್ತದೆ. ಮಳೆಗಾಲದಲ್ಲಿ ಏನು ಮಾಡುವುದು?

ರೂಟರ್‌ಗೆಂದೇ ಪುಟ್ಟ ಯುಪಿಎಸ್ ಸಿಗುತ್ತದೆ. ಕೊಳ್ಳುವಾಗ ರೂಟರ್ ಅಡಾಪ್ಟರ್ ಮೇಲಿನ ವೋಲ್ಟ್, ಆಂಪಿಯರ್ ನೋಡಿಕೊಳ್ಳಿ. ಹೆಚ್ಚಿನವು 12 ವೋಲ್ಟ್, ಕೆಲವು 9. ಫೈಬರ್ ಪೆಟ್ಟಿಗೆ ಬೇರೆ ಇದ್ದರೆ ಅದಕ್ಕೂ ಬೇಕು.

ಗುಡುಗು ಮಿಂಚು ಶುರುವಾದರೆ ಅಡಾಪ್ಟರನ್ನು ಪ್ಲಗ್‌ನಿಂದಲೇ ಕೀಳಿ, ಸ್ವಿಚ್ ಆಫ್ ಸಾಲದು. ಫೈಬರ್ ಗಾಜಿನದ್ದು, ಅದರೊಳಗೆ ಕರೆಂಟ್ ಹರಿಯುವುದಿಲ್ಲ. ಆದರೆ ಕರೆಂಟ್ ಲೈನ್‌ನಿಂದ ಬರುವ ಹೊಡೆತಕ್ಕೆ ರೂಟರ್ ಸುಟ್ಟುಹೋಗುತ್ತದೆ. ಕಂಪನಿ ಪೆಟ್ಟಿಗೆಯಿಂದ ರೂಟರ್‌ಗೆ ತಾಮ್ರದ ಲ್ಯಾನ್ ಕೇಬಲ್ ಬಂದಿದ್ದರೆ ಅದನ್ನೂ ತೆಗೆಯಿರಿ. ಮಲೆನಾಡಿನವರಿಗೆ ಇದನ್ನು ಹೇಳಬೇಕಾಗಿಲ್ಲ.

ಪಕ್ಕದ ಮನೆಯವರು ನಮ್ಮ ವೈಫೈ ಬಳಸುತ್ತಿದ್ದಾರೆ ಅಂತ ಅನುಮಾನ.

ಬ್ರೌಸರ್‌ನಲ್ಲಿ ರೂಟರ್‌ನ ವಿಳಾಸ ಹಾಕಿ ಲಾಗಿನ್ ಆದರೆ ಸೇರಿಕೊಂಡಿರುವ ಸಾಧನಗಳ ಪಟ್ಟಿ ಸಿಗುತ್ತದೆ. ಮನೆಯ ಟಿವಿ, ಕ್ಯಾಮೆರಾ, ಹಳೆಯ ಫೋನ್ ಎಲ್ಲಾ ಲೆಕ್ಕ ಹಾಕಿದ ಮೇಲೆ ಅನುಮಾನ ಪಡಿ. ಜಗಳಕ್ಕೆ ಹೋಗುವ ಬದಲು ಪಾಸ್‌ವರ್ಡ್ ಬದಲಿಸಿ.

ಎಲ್ಲಾ ಮಾಡಿ ನೋಡಿದ್ದೇನೆ. ರಿಪೇರಿಗೆ ಒಯ್ಯುವ ಮುಂಚೆ ಕೊನೆಯದಾಗಿ ಏನಾದರೂ ಇದೆಯಾ?

ಇದೆ. ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ಅಂಡ್ ಇಂಟರ್ನೆಟ್, ಅದರ ಕೆಳಗೆ ಅಡ್ವಾನ್ಸ್‌ಡ್ ನೆಟ್‌ವರ್ಕ್ ಸೆಟ್ಟಿಂಗ್ಸ್, ಅಲ್ಲಿ ‘ನೆಟ್‌ವರ್ಕ್ ರೀಸೆಟ್’. ಇದು ಲ್ಯಾಪ್‌ಟಾಪ್‌ನ ನೆಟ್ ಸೆಟ್ಟಿಂಗನ್ನೆಲ್ಲಾ ಹೊಸದರಂತೆ ಮಾಡುತ್ತದೆ. ಫೈಲ್‌ಗಳು ಹೋಗುವುದಿಲ್ಲ. ವೈಫೈ ಪಾಸ್‌ವರ್ಡ್‌ಗಳನ್ನು ಮತ್ತೆ ಹಾಕಬೇಕು, ವಿಪಿಎನ್ ಮತ್ತೆ ಜೋಡಿಸಬೇಕಾಗಬಹುದು. ಆಫೀಸಿನ ಲ್ಯಾಪ್‌ಟಾಪ್ ಆದರೆ ಐಟಿಯವರನ್ನು ಕೇಳದೆ ಮಾಡಬೇಡಿ.

ರಿಪೇರಿ ಅಂಗಡಿಗೆ ಹೋದರೆ ಒಂದು ವಿಷಯ ಹೇಳಿ. ಲ್ಯಾಪ್‌ಟಾಪ್‌ನ ವೈಫೈ ಆಂಟೆನಾ ಹೆಚ್ಚಾಗಿ ಪರದೆಯ ಅಂಚಿನಲ್ಲಿರುತ್ತದೆ. ಅದರ ತೆಳು ವೈರ್ ಹಿಂಜ್‌ನ ಮೂಲಕ ಕೆಳಗಿನ ಕಾರ್ಡ್‌ಗೆ ಬರುತ್ತದೆ. ಪರದೆ ಅಥವಾ ಹಿಂಜ್ ಬದಲಿಸಿದ ಮೇಲೆ ಸಿಗ್ನಲ್ ಬಿದ್ದಿದ್ದರೆ ಆ ವೈರ್ ಕಳಚಿರಬಹುದು, ತುಂಡಾಗಿರಬಹುದು. ಬೋರ್ಡ್ ಹೋಗಿದೆ ಎಂದು ಹೇಳಿಸಿಕೊಳ್ಳುವ ಮುಂಚೆ ಅದನ್ನು ನೋಡಿಸಿ. ಕಾರ್ಡ್ ಹೋಗಿದ್ದರೂ ಎಷ್ಟೋ ಮಾಡೆಲ್‌ಗಳಲ್ಲಿ ಅದೊಂದನ್ನೇ ಬದಲಿಸಬಹುದು, ಬೋರ್ಡ್‌ಗೆ ಕೈ ಹಚ್ಚಬೇಕಾಗಿಲ್ಲ.

ಲೈನ್ ತೊಂದರೆ ಎಂದು ಖಚಿತವಾಗಿದೆ, ಆದರೆ ಕಂಪನಿಯವರು ಬರುತ್ತಿಲ್ಲ.

ಲೈನ್‌ಮನ್‌ಗೆ ವಾಟ್ಸಾಪ್ ಮಾಡಿ ಬಿಡಬೇಡಿ. ಕಸ್ಟಮರ್ ಕೇರ್‌ಗೆ ದೂರು ಕೊಟ್ಟು ಡಾಕೆಟ್ ನಂಬರ್ ಕೇಳಿ ಪಡೆಯಿರಿ. ದೂರಿಗೆ ನಂಬರ್ ಕೊಡಲೇಬೇಕು ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2012ರ ನಿಯಮ ಹೇಳುತ್ತದೆ. ಅದರಲ್ಲಿ ಸರಿಹೋಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಬಹುದು. ಅದಕ್ಕೆ ಶುಲ್ಕವಿಲ್ಲ, ಬೇಕಾಗುವುದು ಆ ಡಾಕೆಟ್ ನಂಬರ್. ಪಿಂಗ್‌ನ ಫೋಟೋವನ್ನೂ ಜೊತೆಗೆ ಹಾಕಿ.